ಯುದ್ಧಕಾಲದ ಅಂಗಡಿಯಲ್ಲಿ ಮಕ್ಕಳ ಸರಕು

ಯುದ್ಧ ಎಲ್ಲೇ ನಡೆಯಲಿ, ಅದರ ಬಿಸಿ ವ್ಯಾಪಾರಿಯ ಗಲ್ಲಾಕ್ಕೆ ತಟ್ಟದೆ ಇರದು. ಎರಡನೆಯ ಮಹಾಯುದ್ಧದಲ್ಲಿ ದೇಶದ ಗಿರಣಿಗಳ ಬಟ್ಟೆ ಸೈನ್ಯಕ್ಕೆ ಹೋಗತೊಡಗಿ ಜವಳಿಯ ಬೆಲೆ ಗಗನಕ್ಕೇರಿತು. ಸರಕಾರ 1943ರಲ್ಲಿ ಬಟ್ಟೆ-ನೂಲಿನ ನಿಯಂತ್ರಣ ಆಜ್ಞೆ ಹೊರಡಿಸಿತು. ಬಟ್ಟೆಯ ಮೇಲೆಯೇ ಬೆಲೆ ಅಚ್ಚಾಗಿ ಬರತೊಡಗಿತು.

ಆಗ ಕೊಯಮತ್ತೂರಿನಲ್ಲಿ ನಮ್ಮ ತಾತನವರ ಜವಳಿ ಅಂಗಡಿಯಿತ್ತು. ದೀಪಾವಳಿಗೆ ಜರಿ ಟೋಪಿ, ಚಳಿಗೆ ಉಣ್ಣೆ ಟೋಪಿ ಎಂಬ ಶೋಕಿಯೆಲ್ಲ ನಿಂತುಹೋಯಿತೆಂದು ತಂದೆಯವರು ಹೇಳುತ್ತಿದ್ದರು. ತಾಯಂದಿರು ಕೇಳುತ್ತಿದ್ದುದು ಬಾಳಿಕೆ ಬರುವ ಚಡ್ಡಿಬಟ್ಟೆ, ಸ್ಲೇಟು, ಬಳಪ. ಕಾಗದವೂ ದುಬಾರಿಯಾಗಿತ್ತು. ಕಾಳಸಂತೆಯವರು ಹೆಚ್ಚು ಹಣ ತೋರಿಸಿದರೂ ತಾತನವರು ಮಕ್ಕಳ ಬಟ್ಟೆಯ ಥಾನು ಬಿಚ್ಚಲಿಲ್ಲವಂತೆ. ಉಳಿದ ತುಂಡುಗಳಲ್ಲಿ ಟೋಪಿ ಹೊಲಿಸಿ, ಹೊಲಿಗೆಯ ಕೂಲಿಗಷ್ಟೇ ಕೊಡುತ್ತಿದ್ದರಂತೆ.

2022ರಲ್ಲಿ ನೂಲಿನ ಬೆಲೆ ಏರಿತು. ಅದೇ ವರ್ಷ ಉಕ್ರೇನ್ ಯುದ್ಧದಿಂದ ಯೂರೋಪಿನ ಬೇಡಿಕೆ ತಗ್ಗಿ ತಿರುಪ್ಪೂರಿನ ಹೆಣಿಗೆ ಕೆಲಸ ಸೊರಗಿತು. ನಮ್ಮ ಗಿರಾಕಿಗಳಲ್ಲಿ ಅನೇಕರು ಆ ಕಾರ್ಖಾನೆಗಳ ಕೂಲಿಯವರು. ಶಾಲೆ ತೆರೆಯುವ ದಿನಗಳಲ್ಲಿ ಮಕ್ಕಳ ಬನಿಯನ್ನು, ಟೋಪಿಗಳ ಹಳೆಯ ದಾಸ್ತಾನನ್ನು ನಾವು ಹಳೆಯ ದರಕ್ಕೇ ಕೊಟ್ಟೆವು. ಮಗ ಗೊಣಗಿದ, ಲಾಭ ಕಡಿಮೆಯಾದದ್ದೂ ನಿಜ. ಆದರೆ ಸಾಲ ಹೇಳಿ ಒಯ್ದವರೂ ದುಡ್ಡು ತಂದು ಮುಟ್ಟಿಸಿದರು.

ಎಳೆಯ ವ್ಯಾಪಾರಿ ಬಂಧುಗಳೇ, ಪರಿಗ್ರಹ ಪರಿಮಾಣ ವ್ರತ ಗಲ್ಲಾದ ಮುಂದೆ ಕುಳಿತಾಗಲೂ ನೆನಪಿರಲಿ. ಕೊರತೆಯ ಕಾಲದಲ್ಲಿ ಮಕ್ಕಳ ಸರಕಿಗೆ ಮಿತಲಾಭ ಸಾಕು.