ಉಬ್ರಾಣಿಯ ಅಂಗಳದಲ್ಲಿ ಬಣ್ಣದ ಅಂಗಿಗಳು

ಚನ್ನಗಿರಿಯಿಂದ ಬಸ್ಸು ಹತ್ತಿ ಉಬ್ರಾಣಿಯತ್ತ ಹೊರಟರೆ ಅಡಿಕೆ ತೋಟಗಳು ಜೊತೆಗೂಡುತ್ತವೆ. 2022ರ ಡಿಸೆಂಬರಿನಲ್ಲಿ ನಾನು ಆಪಾಳ ಮನೆಗೆ ಹೋದಾಗ ಅಡಿಕೆಯ ಸುಗ್ಗಿ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡಿತ್ತು. ಪಕ್ಕದ ಹಗ್ಗದಲ್ಲಿ ಮೂರು ಅಂಗಿಗಳು ಒಣಗುತ್ತಿದ್ದವು. ಒಂದು ಹಳದಿ, ಒಂದು ತಿಳಿನೀಲಿ ಬಿಳಿ ಪಟ್ಟೆಯದು, ಇನ್ನೊಂದು ಕೆಂಪು. ಬ್ರೆಜಿಲ್, ಅರ್ಜೆಂಟೀನಾ, ಮೊರಾಕೊ! ಕತಾರಿನಲ್ಲಿ ವಿಶ್ವಕಪ್ ಫುಟ್ಬಾಲ್ ನಡೆಯುತ್ತಿತ್ತು. ಮನೆಯ ಮೂವರು ಹುಡುಗರಿಗೆ ಮೂರು ತಂಡ.

"ಆ ಅಂಗಿ ಹಾಕ್ಕೊಂಡು ಅಡಿಕೆ ಒಲೆ ಹತ್ರ ಬರಬೇಡಿ. ಚೊಗರು ತಾಗಿದ್ರೆ ಕಲೆ ಹೋಗಲ್ಲ" ಎಂದು ಆಪಾ ಕೂಗುತ್ತಲೇ ಇದ್ದಳು.

ಅವಳ ಅತ್ತೆ, ಮಕ್ಕಳ ದಾದಿ, ಇದನ್ನೆಲ್ಲ ನೋಡಿ ನಕ್ಕರು. "ಬೆನ್ನ ಮೇಲೆ ಯಾರದೋ ಹೆಸರು! ನಮ್ಮ ಕಾಲದಲ್ಲಿ ಈದಿಗೆ ಒಂದೇ ಥಾನಿನ ಬಟ್ಟೆ ತಂದು ಮಕ್ಕಳಿಗೆಲ್ಲ ಹೊಲಿಸ್ತಿದ್ವಿ."

"ಹಾಗಾದ್ರೆ ನೀವೂ ಒಂದು ಟೀಮೇ ದಾದಿ" ಎಂದ ಕಿರಿಯವ.

ಬಣ್ಣದ ಜಗಳ ದಿನವೂ ಇರುತ್ತಿತ್ತು. ಬ್ರೆಜಿಲ್ ಮೊದಲು ಬಿಳಿ ಅಂಗಿ ತೊಡುತ್ತಿತ್ತು. 1950ರಲ್ಲಿ ತನ್ನ ನೆಲದಲ್ಲೇ ಉರುಗ್ವೆಗೆ ಸೋತ ಮೇಲೆ ಆ ಬಣ್ಣ ಬೇಡವೆನಿಸಿ, ಪತ್ರಿಕೆಯೊಂದು ಸ್ಪರ್ಧೆ ನಡೆಸಿ ಹಳದಿಯನ್ನು ಆರಿಸಿತು ಎಂದು ಹಿರಿಯವ ವಿವರಿಸಿದ. ಭಾವನೂ ಸುಮ್ಮನಿರಲಿಲ್ಲ. 1937ರ ರೋವರ್ಸ್ ಕಪ್ ಫೈನಲಿನಲ್ಲಿ ಕಪ್ಪು ಬಿಳುಪು ಅಂಗಿಯ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ, ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದೇ ಎಂದರು.

ಡಿಸೆಂಬರ್ 18ರ ರಾತ್ರಿ ಫೈನಲ್. ಅರ್ಜೆಂಟೀನಾ ಫ್ರಾನ್ಸನ್ನು ಪೆನಾಲ್ಟಿಯಲ್ಲಿ ಮಣಿಸಿತು. ಕಪ್ ಎತ್ತುವ ಮುನ್ನ ಕತಾರಿನ ಅಮೀರರು ಮೆಸ್ಸಿಗೆ ಕಪ್ಪು ಬಿಷ್ತ್ ಹೊದಿಸಿದರು. "ಪಟ್ಟೆ ಅಂಗಿ ಮುಚ್ಚಿಹೋಯ್ತಲ್ಲ!" ಎಂದು ಒಬ್ಬ ಗೊಣಗಿದ. "ಅದು ಅರಬರು ಕೊಡುವ ಮರ್ಯಾದೆ" ಎಂದ ಇನ್ನೊಬ್ಬ. ಜಗತ್ತಿನಾದ್ಯಂತ ಅಭಿಮಾನಿಗಳು ಅಂದು ಇದೇ ಚರ್ಚೆಯಲ್ಲಿದ್ದರು. ದಾದಿಗೆ ಮಾತ್ರ ಬೇರೆಯೇ ನೆನಪು. ಪೋರ್ಚುಗಲ್ಲನ್ನು ಗೆದ್ದ ದಿನ ಮೊರಾಕೊದ ಬೂಫಾಲ್, ತಲೆವಸ್ತ್ರ ತೊಟ್ಟ ತಾಯಿಯ ಕೈಹಿಡಿದು ಮೈದಾನದಲ್ಲೇ ಕುಣಿದಿದ್ದ. "ಆ ತಾಯಿಯನ್ನು ಮೈದಾನಕ್ಕೆ ಕರ್ಕೊಂಡು ಬಂದ್ನಲ್ಲ, ಅದೇ ದೊಡ್ಡದು" ಎಂದರು.

ಆಗ ಬಾಗಿಲ ಬಳಿ ಕುಳಿತಿದ್ದ ಹದಿಮೂರರ ಹುಡುಗಿ ಮೆಲ್ಲಗೆ ಹೇಳಿದಳು: "ಖಾಲಾ, ನನಗೆ ಯಾವ ಬಣ್ಣ ಬೇಕು ಅಂತ ಯಾರೂ ಕೇಳಲೇ ಇಲ್ಲ."

ಎಲ್ಲರೂ ಸುಮ್ಮನಾದೆವು. ಹಿಂದಿನ ವರ್ಷದವರೆಗೂ ಅಣ್ಣಂದಿರ ಜೊತೆ ಚೆಂಡು ಒದೆಯುತ್ತಿದ್ದವಳು. ತಲೆವಸ್ತ್ರ ತೊಡತೊಡಗಿದ ಮೇಲೆ ಆಟ ನಿಂತಿತ್ತು. ಬೇಡವೆಂದು ಯಾರೂ ಹೇಳಿರಲಿಲ್ಲ. ಆದರೆ ಅರ್ಧ ತೋಳಿನ ಅಂಗಿ, ಗಿಡ್ಡ ಚಡ್ಡಿ ಅವಳಿಗೆ ಒಗ್ಗುತ್ತಿರಲಿಲ್ಲ. ಬೇರೆ ಉಡುಪನ್ನು ಯಾರೂ ಯೋಚಿಸಿರಲಿಲ್ಲ.

ಇದು ಅವಳೊಬ್ಬಳ ಕಥೆಯಲ್ಲ. 2011ರಲ್ಲಿ ಇರಾನಿನ ಮಹಿಳಾ ತಂಡವನ್ನು ತಲೆವಸ್ತ್ರದ ಕಾರಣಕ್ಕೆ ಒಲಿಂಪಿಕ್ ಅರ್ಹತಾ ಪಂದ್ಯವಾಡಲು ಬಿಡಲಿಲ್ಲ. 2014ರಲ್ಲಿ ನಿಯಮ ಬದಲಾಯಿತು, ತಲೆ ಮುಚ್ಚಿ ಆಡಬಹುದೆಂದಾಯಿತು. ನಾನು ಇದನ್ನು ಹೇಳಿದಾಗ ಆಪಾ, "ನಿಯಮ ಸರಿ, ಊರವರು ಏನಂತಾರೆ?" ಎಂದಳು.

"ಮೈ ಮುಚ್ಚಿದೆ, ಮನಸ್ಸು ಶುದ್ಧವಿದೆ. ಇನ್ನೇನು? ಹೊಲಿಗೆ ಮೆಷಿನ್ ತೆಗಿ" ಎಂದರು ದಾದಿ.

ಹೊಸ ಜರ್ಸಿಗೆ ದುಂದುವೆಚ್ಚ ಮಾಡಲಿಲ್ಲ. ಅಣ್ಣನಿಗೆ ಬಿಗಿಯಾದ ನೀಲಿ ಅಂಗಿಗೆ ಉದ್ದ ತೋಳು ಜೋಡಿಸಿದೆವು. ಕೆಳಗೆ ಬಟ್ಟೆ ಸೇರಿಸಿ ಮೊಣಕಾಲಿನವರೆಗೆ ಇಳಿಸಿದೆವು. ನೀಲಿ ಅವಳದೇ ಆಯ್ಕೆ. "ನಮ್ಮ ಇಂಡಿಯಾ ಟೀಮಿನ ಬಣ್ಣ" ಎಂದಳು.

ಸೋದರಿಯರೇ, ಫ್ಯಾಷನ್ ಬದಲಾಗುತ್ತಲೇ ಇರುತ್ತದೆ. ಇಂದಿನ ಅಂಗಿ ನಾಳೆ ನೆಲ ಒರೆಸುವ ಬಟ್ಟೆ. ಮಕ್ಕಳ ಉಡುಪು ಸಭ್ಯವಾಗಿರಲಿ ಎಂದು ನಾವು ಬಯಸುತ್ತೇವೆ, ಅದು ಸರಿ. ಆದರೆ ಆ ಉಡುಪಿನಲ್ಲಿ ಅವರು ಓಡಲೂ ಸಾಧ್ಯವಾಗಬೇಕು ಎಂಬುದನ್ನು ಮರೆಯುತ್ತೇವೆ.

2023ರ ಜುಲೈ 30ರಂದು ಮೊರಾಕೊದ ನುಹೈಲಾ ಬೆನ್ಜೀನಾ ಹಿಜಾಬ್ ತೊಟ್ಟು ಆಡಿದರು. ಮಹಿಳಾ ವಿಶ್ವಕಪ್ಪಿನಲ್ಲಿ ಹಾಗೆ ಆಡಿದ ಮೊದಲ ಆಟಗಾರ್ತಿ ಅವರು. ಅಂದು ಉಬ್ರಾಣಿಯಿಂದ ಫೋನ್ ಬಂತು. ಹುಡುಗಿಯ ದನಿಯಲ್ಲಿ ಹಿಗ್ಗು. ನೀಲಿ ಅಂಗಿ ಹೇಗಿದೆ ಎಂದು ಆಪಾಳನ್ನು ಕೇಳಿದೆ.

"ತೋಳಿಗೆಲ್ಲ ಚೊಗರಿನ ಕಲೆ. ಇರಲಿ ಬಿಡು, ಆಡ್ತಾಳೆ" ಎಂದಳು.