ಕಾಳಿಯ ಅಳಿವೆಯಲ್ಲಿ ಒಂದು ಬೆಳಗು

ಮಲ್ಕಾಜ್‌ಗಿರಿಯವರಾದ ನಮಗೆ ನೀರೆಂದರೆ ಸಫಿಲ್‌ಗುಡ ಕೆರೆ, ದೋಣಿಯೆಂದರೆ ಹುಸೇನ್ ಸಾಗರದ ಲಾಂಚು. ಹೀಗಿರುವಾಗ ಐವತ್ತು ದಾಟಿದ, ಈಜು ಬಾರದ ನಾನು ಡಿಸೆಂಬರಿನ ಚಳಿಯಲ್ಲಿ ಕಾರವಾರದ ಕಾಳಿ ನದಿಯಲ್ಲಿ ಕಯಾಕ್ ಹತ್ತಿದೆನೆಂದರೆ ನೀವು ನಂಬಲಿಕ್ಕಿಲ್ಲ. ಹತ್ತಿಸಿದವಳು ನನ್ನ ಮಗಳು. ನಿಮ್ಮ ಹಾಗೆ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಬೈದರೆ ತೆಲುಗಿನಲ್ಲಿ ಉತ್ತರ ಕೊಡುವವಳು.

ಇನ್ನೊಂದು ದೋಣಿಯಲ್ಲಿ ಜೊತೆಗೆ ಬಂದ ಅಲ್ಲಿಯ ಹುಡುಗ "ಹುಟ್ಟು ಗಟ್ಟಿಯಾಗಿ ಹಿಡೀರಿ ಅಕ್ಕಾ" ಎಂದಾಗ ಇವಳು ಮಿಕಮಿಕ ನೋಡಿದಳು. ಹುಟ್ಟು ಎಂದರೆ ಇವಳಿಗೆ ಹುಟ್ಟುಹಬ್ಬವೊಂದೇ ಗೊತ್ತು! ದೋಣಿ ನಡೆಸುವ ಹಲಗೆಗೂ ಅದೇ ಹೆಸರು, ನೀವೂ ತಿಳಿದಿರಿ.

ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ 184 ಕಿ.ಮೀ. ಹರಿದು ಇಲ್ಲಿ ಕಡಲು ಸೇರುತ್ತದೆ. ಎದುರಿಗೆ ಸದಾಶಿವಗಡದ ಗುಡ್ಡ. 1883ರಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಇದೇ ನದಿಯಲ್ಲಿ ದೋಣಿಯೇರಿ ಹೋಗಿ, ಬೆಳದಿಂಗಳಲ್ಲಿ ಮರಳಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಬಿ.ಎ.ಯಲ್ಲಿದ್ದಾಗ ಅದನ್ನು ಇಂಗ್ಲಿಷಿನಲ್ಲಿ ಓದಿದ್ದೆ. ಆದರೆ ಅವರ ದೋಣಿ ಇಷ್ಟು ಓಲಾಡಿರಲಾರದು.

ಅಳಿವೆಯ ಹತ್ತಿರ ಹುಡುಗ ಕೈಯೆತ್ತಿದ. "ಹುಟ್ಟು ಮೇಲೆತ್ತಿ. ಸದ್ದು ಬೇಡ."

ಉಸ್ಸೆಂದು ಯಾರೋ ಉಸಿರು ಬಿಟ್ಟಂತಾಯಿತು. ಬೂದುಬಣ್ಣದ ಬೆನ್ನು, ಅದರ ಮೇಲೊಂದು ಗೂನು, ಗೂನಿನ ತುದಿಗೆ ಪುಟ್ಟ ರೆಕ್ಕೆ. ಗೂನುಬೆನ್ನಿನ ಡಾಲ್ಫಿನ್! ಪಕ್ಕದಲ್ಲೇ ಮರಿ. ತಾಯಿ ಮೇಲೆ ಬಂದಾಗಲೆಲ್ಲ ಅದೂ ಬರುತ್ತಿತ್ತು. ಇವು ಮೀನಲ್ಲ, ಹಾಲೂಡಿಸುವ ಪ್ರಾಣಿಗಳು, ಉಸಿರಿಗೆ ಮೇಲೆ ಬರಲೇಬೇಕು. ದಡದ ಸಮೀಪದ ಆಳವಿಲ್ಲದ ನೀರಿನಲ್ಲೇ ಬದುಕುವುದರಿಂದ ಮೀನಿನ ಬಲೆ, ಎಂಜಿನ್ ದೋಣಿ, ಊರಿನ ಕೊಳಕು ಎಲ್ಲವೂ ಇವಕ್ಕೇ ಮೊದಲು ತಟ್ಟುತ್ತದೆ. ಅಳಿವಿನ ಅಂಚಿನ ಪಟ್ಟಿಯಲ್ಲಿರುವ ಜೀವಿಗಳು. 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯೂ ಇದೆ.

"ಇನ್ನೂ ಹತ್ತಿರ ಹೋಗೋಣಮ್ಮಾ" ಎಂದಳು ಮಗಳು. ಸುಳ್ಳೇಕೆ ಹೇಳಲಿ, ನನಗೂ ಆಸೆಯಾಗಿತ್ತು. ಹುಡುಗ ತಲೆಯಾಡಿಸಿದ: "ಅಟ್ಟಿಸಿಕೊಂಡು ಹೋದರೆ ಮರಿ ತಾಯಿಯಿಂದ ಅಗಲುತ್ತೆ. ಅವಕ್ಕೆ ಬೇಕಾದರೆ ಅವೇ ಬರ್ತಾವೆ." ಅವು ಬರಲಿಲ್ಲ.

ನೋಡುತ್ತ ನಾವು ಮೈಮರೆತಿದ್ದಾಗ ಇಳಿತ ಶುರುವಾಗಿ ದೋಣಿ ಕಡಲ ಕಡೆಗೆ ಜಾರಿತ್ತು. ಸದಾಶಿವಗಡ ಎಷ್ಟೋ ಹಿಂದೆ ಸರಿದಿತ್ತು. ನನಗೆ ಬಾಯಿ ಒಣಗಿತು. "ಎಡಕ್ಕೆ ಹಾಕು, ಈಗ ಬಲಕ್ಕೆ" ಎಂದು ಮಗಳು ಹಿಂದಿನಿಂದ ಎಣಿಸತೊಡಗಿದಳು. ಒಂದು, ಎರಡು, ಮೂರು. ನೂರರ ತನಕ ಅಚ್ಚ ಕನ್ನಡದಲ್ಲಿ, ಮತ್ತೆ ಮೊದಲಿನಿಂದ. ಎಷ್ಟು ನೂರಾದವೋ, ಕೊನೆಗೆ ಕಾಲಿಗೆ ಮರಳು ತಾಗಿತು.

ಅಂಗೈ ತುಂಬ ಬೊಬ್ಬೆ. ಮನೆಗೆ ಬಂದು ಎರಡು ದಿನ ಲಟ್ಟಣಿಗೆ ಹಿಡಿಯಲಾಗಲಿಲ್ಲ. ಚಪಾತಿ ಅವಳೇ ಲಟ್ಟಿಸಿದಳು.