ಗೋಡೆ ಬುಡದ ಒದ್ದೆ

ಪಕ್ಕದ ಮನೆಯಲ್ಲಿ ಬೆಳಗ್ಗಿಂದ ಪೇಂಟ್ ಕೆರೆಯೋ ಸದ್ದು. ಹೋದ ವರ್ಷ ಮಳೆಗಾಲ ಮುಗಿದಾಗಲೂ ಇದೇ ಗೋಡೆ, ಇದೇ ಕೆಲಸ. ನೆಲದಿಂದ ಎರಡು-ಮೂರು ಅಡಿವರೆಗೆ ಬಣ್ಣ ಉಬ್ಬಿ, ಬಿಳೀ ಉಪ್ಪು ಪುಡಿಪುಡಿಯಾಗಿ ಉದುರ್ತಿದೆ. ಇದು ಮೇಲಿಂದ ಸೋರಿದ ನೀರಲ್ಲ, ಪಾಯದಿಂದ ಇಟ್ಟಿಗೆ ಹೀರಿಕೊಂಡದ್ದು. ಇದರ ಮೇಲೆ ಎಷ್ಟು ದುಬಾರಿ ವಾಟರ್‌ಪ್ರೂಫ್ ಪೇಂಟ್ ಬಳಿದರೂ ತೇವ ಒಳಗೇ ಉಳಿದು ಇನ್ನೊಂದು ಕಡೆ ಎದ್ದು ಬರುತ್ತೆ.

ಮೊದಲು ಮನೆ ಹೊರಗೆ ಒಂದು ಸುತ್ತು ಹಾಕಿ ಅಂತ ಆ ಮನೆಯವರಿಗೆ ಅಂದೆ. ತಾರಸಿ ಪೈಪು ಗೋಡೆ ಬುಡಕ್ಕೇ ನೀರು ಸುರೀತಿದೆ! ಹೂವಿನ ಪಾತಿಯ ಮಣ್ಣು ಡಿಪಿಸಿ (ತೇವ ತಡೆಯೋಕೆ ಪಾಯದ ಮೇಲೆ ಹಾಕೋ ಕಾಂಕ್ರೀಟ್ ಪಟ್ಟಿ) ದಾಟಿ ಬಂದಿದೆ. ಮಣ್ಣು ಡಿಪಿಸಿಗಿಂತ 6 ಇಂಚಾದರೂ ಕೆಳಗಿರಬೇಕು. ಪೈಪು ದೂರಕ್ಕೆ ತಿರುಗಿಸಿ, ಮಣ್ಣು ತೆಗೆದು, ನೆಲವನ್ನ ಹೊರಗಡೆಗೆ ಇಳಿಜಾರು ಮಾಡಿ. ಆಮೇಲೂ ತೇವ ಏರಿದರೆ ಮಾತ್ರ ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಿಸೋ ಖರ್ಚು. ಗೋಡೆ ಪೂರ್ತಿ ಒಣಗೋವರೆಗೆ ಬಣ್ಣ ಬೇಡವೇ ಬೇಡ, ತಿಂಗಳುಗಟ್ಟಲೆ ಆದರೂ ಸರಿ.

ಹಳೇ ಮನೆಯವರು ಹೇಳಿ: ಸುಣ್ಣದ ಗಾರೆ ಕಿತ್ತು ಸಿಮೆಂಟ್ ಮೆತ್ತಿದ ಮೇಲೆ ನಿಮ್ಮಲ್ಲಿ ತೇವ ಜಾಸ್ತಿಯಾಯ್ತಾ?